ಟ್ರಂಕಿನಲ್ಲಿ ಒಯ್ದ ಹೆರಿಗೆಯ ಖಣಗಳು

ಆ ಖಣಗಳನ್ನು ಲಂಡನ್ನಿಗೆ ಹೊತ್ತೊಯ್ದದ್ದು ನನ್ನ ಹುಚ್ಚುತನವೆಂದು ನಮ್ಮ ಯಜಮಾನರು ಕೊನೆಯವರೆಗೂ ನಗುತ್ತಿದ್ದರು. ಅವರು ಇಂಜಿನಿಯರು, ಅವರ ಸರ್ಟಿಫಿಕೇಟನ್ನು ಅಲ್ಲಿ ಯಾರೂ ಪ್ರಶ್ನಿಸಲಿಲ್ಲ. ನಗಬಹುದಿತ್ತು. ನನಗೆ ಮಾತ್ರ ಅಲ್ಲಿ ಬಂದ ಸಿಟ್ಟು ಇವತ್ತಿಗೂ ಆರಿಲ್ಲ.

ಕಾನ್ವೆಂಟ್ ಮುಗಿಸಿ, ಮಿಡ್‌ವೈಫರಿ ಕಲಿತು, ಜಮಖಂಡಿಯಲ್ಲಿ ಏಳು ವರ್ಷ ಹೆರಿಗೆ ಮಾಡಿಸಿದವಳು ನಾನು. ಮುಧೋಳ, ಬೀಳಗಿಯಿಂದಲೂ ಚಕ್ಕಡಿ ಕಟ್ಟಿಕೊಂಡು ಕರೆಯಲು ಬರುತ್ತಿದ್ದರು. ಹೆರಿಗೆ ಸುಸೂತ್ರವಾದರೆ ಮನೆಯವರು ಉಡಿ ತುಂಬಿ, ರವಿಕೆಗೆಂದು ಒಂದು ಖಣ ಕೊಡುವುದು ನಮ್ಮ ಕಡೆಯ ಪದ್ಧತಿ. ಮೊದಮೊದಲು ನಾನು ಬೇಡವೆನ್ನುತ್ತಿದ್ದೆ. ಬನಹಟ್ಟಿಯ ನೇಕಾರರ ಮನೆಯ ಅಜ್ಜಿಯೊಬ್ಬಳು ಗದರಿಸಿಬಿಟ್ಟಳು.

"ನರ್ಸಬಾಯಾರ, ನಿಮ್ಮ ಇಂಗ್ಲಿಷ್ ರಿವಾಜ ದವಾಖಾನ್ಯಾಗ ಇಟ್ಟ ಬರ್ರಿ. ನೀವು ಬರಿಗೈಲೆ ಹೋದ್ರ ನಮ್ಮ ಕೂಸಿಗಿ ಛಲೋ ಅಲ್ಲ."

ಅಂದಿನಿಂದ ತೆಗೆದುಕೊಂಡೆ. ಆದರೆ ಹೊಲಿಸಿ ತೊಡಲು ಮನಸ್ಸಾಗಲಿಲ್ಲ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಕ್ರಾಸ್‌ಸ್ಟಿಚ್ ಕಸೂತಿ ಇತ್ತಲ್ಲ, ಪ್ರತಿ ಖಣದ ಮೂಲೆಯಲ್ಲಿ ಊರು, ತಾರೀಖು, ಹೆರಿಗೆಯ ಬಗೆ, ಎಲ್ಲವನ್ನೂ ಇಂಗ್ಲಿಷಿನಲ್ಲೇ ಹಾಕಿಡುತ್ತಿದ್ದೆ. ಟ್ವಿನ್ಸ್. ಬ್ರೀಚ್. ನಾರ್ಮಲ್, ನಾರ್ಮಲ್.

ಜಮಖಂಡಿ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ವಿಲೀನವಾದ ಕೆಲವು ವರ್ಷಕ್ಕೆ ಯಜಮಾನರಿಗೆ ಲಂಡನ್ನಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ನಾನು ನರ್ಸಾಗಬೇಕೆಂದರೆ ಹಳೆಯ ಹೆರಿಗೆ ರಿಜಿಸ್ಟರಿನ ನಕಲು ಬೇಕಂತೆ. ಕೇಳಲು ಹೋದರೆ ದವಾಖಾನೆಯ ಗುಮಾಸ್ತ ಎಲೆ ಅಡಿಕೆ ಮೆಲ್ಲುತ್ತಲೇ ಹೇಳಿದ: "ಬಾಯಾರ, ಸಂಸ್ಥಾನನ ಹೋತು. ರಿಜಿಸ್ಟರ ಗಂಟ ಕಟ್ಟಿ ಒಯ್ದಾರ. ಎಲ್ಲಿಗಂತ ಒಯ್ದವ್ರಿಗೂ ಗೊತ್ತಿಲ್ರಿ."

ಹಾಗಾಗಿ ರಿಜಿಸ್ಟರಿನ ಬದಲು ಖಣಗಳ ಟ್ರಂಕು ಹಡಗು ಹತ್ತಿತು.

ಲಂಡನ್ನಿನ ಆಸ್ಪತ್ರೆಯ ಮೇಟ್ರನ್ ಕೇಸ್ ರೆಕಾರ್ಡ್ ಎಲ್ಲಿ ಎಂದಳು. ನಾನು ಟ್ರಂಕು ತೆರೆದು ಖಣಗಳನ್ನು ಮೇಜಿನ ಮೇಲೆ ಹರಡಿದೆ. ಆಕೆ ಕೈ ಅಡ್ಡ ಹಿಡಿದಳು. "ಇಲ್ಲಿ ಗಿಫ್ಟ್ ತೆಗೆದುಕೊಳ್ಳುವುದಿಲ್ಲ, ಮೈ ಡಿಯರ್."

ಲಂಚವೆಂದು ತಿಳಿದಳು, ನೋಡಿ. ಒಂದೊಂದು ಖಣವೂ ಒಂದೊಂದು ಹೆರಿಗೆ ಎಂದು ವಿವರಿಸಿದೆ, ಮೂಲೆಯ ಹೊಲಿಗೆ ತೋರಿಸಿದೆ. ಓದಿದಳು. ಅವಳದೇ ಭಾಷೆ, ಓದಲು ಬಾರದೇನು? ನಕ್ಕು, ನನ್ನ ಅರ್ಜಿಯಲ್ಲಿ ಅನುಭವದ ಮುಂದೆ 'ನಿಲ್', ಶೂನ್ಯ, ಎಂದು ಬರೆದಳು. ಏಳು ವರ್ಷಕ್ಕೆ ಒಂದು 'ನಿಲ್'.

ನಾನು ಮಡಚಿಡುತ್ತಿದ್ದಾಗ ಹಸಿರು ಖಣವೊಂದನ್ನು ಎತ್ತಿ ಬೆಳಕಿಗೆ ಹಿಡಿದಳು. "ಲವ್ಲಿ! ಕುಶನ್ ಕವರಿಗೆ ಚೆನ್ನಾಗಿರುತ್ತದೆ. ಇದೊಂದು ಇರಲಿ."

ಅದು ಬೀಳಗಿಯದು. ಕೂಸು ಕಾಲು ಮುಂದಾಗಿ ಬಂದಿತ್ತು. ಅದು ಅತ್ತ ಮೇಲೆ ತಾಯಿ ನನ್ನ ಕೈ ಬಿಟ್ಟಿರಲಿಲ್ಲ.

"ದಟ್ ಈಸ್ ಅ ಬ್ರೀಚ್ ಡೆಲಿವರಿ, ಮ್ಯಾಡಮ್," ಎಂದು ಖಣವನ್ನು ಅವಳ ಕೈಯಿಂದ ತೆಗೆದುಕೊಂಡೆ.

ಆಮೇಲೆ ಹದಿನೆಂಟರ ಹುಡುಗಿಯರ ಸಾಲಿನಲ್ಲಿ ಕೂತು, ಹೊಕ್ಕಳಬಳ್ಳಿ ಕಟ್ಟುವುದನ್ನು ಮತ್ತೆ ಮೊದಲಿನಿಂದ ಕಲಿತೆ. ಪಾಸಾದ ದಿನ ಅದೇ ಮೇಟ್ರನ್ ನನ್ನ ಕೈ ಕುಲುಕಿ, ನೀನು ಬೇಗ ಕಲಿಯುತ್ತೀಯ ಎಂದಳು.