ಉಂಡೋರು ತೊಳೀಲಿ

ಅಡುಗೆ ಅಕ್ಕನ ಬಲಗೈಯಲ್ಲಿ ಮೊಣಕೈಯಿಂದ ಕೆಳಗೆ ಒಂದು ಕೂದಲೂ ಇರಲಿಲ್ಲ. ದೊಡ್ಡ ಬರ್ನರಿನ ಉರಿಯ ಮುಂದೆ ಬಗ್ಗಿ ಅನ್ನದ ಪಾತ್ರೆಗೆ ಸೌಟು ಹಾಕಿ ಹಾಕಿ ಎಲ್ಲ ಸುಟ್ಟುಹೋಗಿ, ಚರ್ಮ ಹಳೇ ತಾಮ್ರದ ತಂಬಿಗೆಯಂತೆ ನುಣ್ಣಗೆ ಹೊಳೆಯುತ್ತಿತ್ತು. ಎಡಗೈ ಎಲ್ಲರ ಕೈಯಂತೆಯೇ ಇತ್ತು. ಎರಡನ್ನೂ ಪಕ್ಕಪಕ್ಕ ಚಾಚಿ, ಮೊದಲು ಎಡಗೈ ತೋರಿಸಿ, "ನೋಡು ತಮ್ಮಾ, ಇದು ಹೊಸಬಾಳೆ ಕೈ, ಇದು ನಿನ್ನ ಬಸ್ಸಿನ ಕೈ" ಎಂದು ನಗುತ್ತಿದ್ದರು.

ಹೊಸಬಾಳೆ ಅವರ ತವರು. ಶಿಕಾರಿಪುರಕ್ಕೆ ಸೊಸೆಯಾಗಿ ಬಂದು ಮೂವತ್ತು ವರ್ಷ ಕಳೆದಿದ್ದರೂ ಸೊರಬದ ಕಡೆಯ "ಎಂತ", "ಎಂತಕ್ಕೆ" ಬಾಯಿಂದ ಹೋಗಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಮಗನನ್ನು ಸಾಕಲು ಮದುವೆ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದರು. ನಾನು ಮಿನಿ ಬಸ್ ಕೊಂಡು ಟೂರ್ ಶುರು ಮಾಡಿದ ವರ್ಷ ಅವರನ್ನು ಕೇಳಿಕೊಂಡೆ, ಬಂದರು. ಬಸ್ಸಿಗೆ ಮಾಲೀಕ, ಡ್ರೈವರ್ ಎರಡೂ ನಾನೇ. ಅಡುಗೆಗೆ ಅವರು. ಬಸ್ಸು ಹತ್ತಿದವರೆಲ್ಲ ಅವರನ್ನು ಅಡುಗೆ ಅಕ್ಕ ಎಂದರು. ನಾನೂ ಹಾಗೇ ಕರೆದೆ.

ಧರ್ಮಸ್ಥಳ, ಉಡುಪಿ, ಗೋಕರ್ಣ, ಮಂತ್ರಾಲಯ, ರಜೆ ಬಂದರೆ ಊಟಿ, ಕನ್ಯಾಕುಮಾರಿ. ಎಲ್ಲಿಗೆ ಹೋದರೂ ನಮ್ಮ ಕೆಲಸ ಒಂದೇ ಥರ. ಜನರನ್ನು ಇಳಿಸಿ ನಾನು ಸ್ಟೇರಿಂಗ್ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ. ಅವರು ಬಸ್ಸಿನ ಹಿಂದೆ ಸಿಲಿಂಡರ್ ಇಳಿಸಿ ಒಲೆ ಹೂಡುತ್ತಿದ್ದರು. ಜನ ದೇವರನ್ನೋ ಕಡಲನ್ನೋ ನೋಡಿ ಬರುವಷ್ಟರಲ್ಲಿ ಅನ್ನ, ಸಾರು, ಪಲ್ಯ, ಶೇಂಗಾ ಚಟ್ನಿ ತಯಾರಾಗಿರಬೇಕಿತ್ತು. ಎಷ್ಟೋ ಸಲ ಹೋದ ಜಾಗಗಳಲ್ಲಿ ಅವರು ಏನನ್ನೂ ನೋಡಿರಲಿಲ್ಲ. ಜೋಗದಲ್ಲಿ ಒಮ್ಮೆ ನಾನೇ, "ಅಕ್ಕಾ, ಹೋಗಿ ನೋಡ್ಕಂಡು ಬನ್ನಿ, ಪಾತ್ರೆ ನಾ ನೋಡ್ಕಂತೀನಿ" ಅಂದೆ. ಹೋದವರು ಹತ್ತು ನಿಮಿಷಕ್ಕೆ ವಾಪಸು ಬಂದರು.

"ಹೆಂಗಿತ್ತು?"

"ಚೆನ್ನಾಗಿ ಬೀಳ್ತದೆ. ಅನ್ನ ತಳ ಹಿಡೀತಾ?"

ಆಮೇಲೆ ಸೌಟು ತೆಗೆದುಕೊಳ್ಳುತ್ತ ಹೇಳಿದರು. "ತಮ್ಮಾ, ನೀವೆಲ್ಲ ಊರಿನ ಮುಂದ್ಗಡೆ ನೋಡ್ತೀರಿ. ನಾ ಹಿಂದ್ಗಡೆ ನೋಡ್ತೀನಿ. ಜನ ಎಂತೆಂತ ಬಿಸಾಕಿ ಹೋಗ್ತಾರೆ ಅನ್ನೋದು ನನ್ನ ಕೇಳು." ನಾನು ಕೇಳಲಿಲ್ಲ. ನನಗೆ ಆಗ ನಿದ್ದೆಯ ಚಿಂತೆ.

ಎಲ್ಲ ಟೂರಿನವರಂತೆ ನಾವೂ ಬಿಸಾಕುತ್ತಿದ್ದೆವು. ಮಿರಿಮಿರಿ ಹೊಳೆಯುವ ಕಾಗದದ ತಟ್ಟೆ, ಪ್ಲಾಸ್ಟಿಕ್ ಲೋಟ, ಮೂಟೆಗಟ್ಟಲೆ ನೀರಿನ ಪಾಕೀಟು. ಅಕ್ಕ ಇದ್ದುದರಿಂದ ಅದರಲ್ಲೂ ಒಂದು ಅಚ್ಚುಕಟ್ಟಿತ್ತು. ಊಟವಾದ ಮೇಲೆ ಎಲ್ಲವನ್ನೂ ಖಾಲಿ ಅಕ್ಕಿಚೀಲಕ್ಕೆ ತುಂಬಿ, ಬಾಯಿ ಹೊಲಿದು, ಯಾವುದಾದರೂ ಮರದ ಬುಡಕ್ಕೆ ಒರಗಿಸಿಟ್ಟು ಬರುತ್ತಿದ್ದರು. ಯಾರೋ ಬಂದು ಒಯ್ಯುತ್ತಾರೆ ಎಂದುಕೊಂಡಿದ್ದೆವು. ಯಾರು ಎಂದು ಇಬ್ಬರೂ ಯೋಚಿಸಿರಲಿಲ್ಲ.

ಘಟ್ಟ ಇಳಿದು ಗೋಕರ್ಣಕ್ಕೆ ಹೋಗುವ ದಾರಿಯಲ್ಲಿ ಒಂದು ಹಳ್ಳವಿತ್ತು. ನೆರಳು, ನೀರು ಎರಡೂ ಇದ್ದುದರಿಂದ ಪ್ರತಿ ವರ್ಷ ಮಧ್ಯಾಹ್ನದ ಊಟ ಅಲ್ಲೇ. ಒಂದು ಬೇಸಿಗೆ ಅಲ್ಲಿ ಬಸ್ಸು ನಿಲ್ಲಿಸಿದಾಗ, ಸುಮಾರು ಅಕ್ಕನ ವಯಸ್ಸಿನ ಹೆಂಗಸೊಬ್ಬಳು ಮೊಣಕಾಲುದ್ದ ನೀರಿನಲ್ಲಿ ನಿಂತು ಕಪ್ಪು ಪೈಪೊಂದರ ಬಾಯಿಗೆ ಕೈಹಾಕಿ ಏನನ್ನೋ ಎಳೆಯುತ್ತಿದ್ದಳು. ಹಿಡಿ ಹಿಡಿಯಾಗಿ ನೀರಿನ ಪಾಕೀಟುಗಳು ಬಂದವು. ಹಳ್ಳದ ಕೆಳಗೆ ಅವಳ ಮನೆಯಂತೆ. ಕುಡಿಯುವುದಕ್ಕೂ ದನಕ್ಕೂ ಆ ಪೈಪಿನಲ್ಲಿ ಬರುವುದೇ ನೀರು. ಎರಡು ದಿನದಿಂದ ಬರುತ್ತಿಲ್ಲ ಎಂದು ನೋಡಲು ಬಂದಿದ್ದಳು.

ಅಕ್ಕ ಅವಳಿಗೆ ಕೈಜೋಡಿಸಲು ನೀರಿಗಿಳಿದರು. ಬಂಡೆಗಳ ಸಂದಿಯಲ್ಲಿ ಹರಿದ ಚೀಲವೊಂದು ಸಿಕ್ಕಿಕೊಂಡಿತ್ತು. ಅದನ್ನು ಎಳೆದವರು ಹಾಗೇ ನಿಂತುಬಿಟ್ಟರು. ಚೀಲದ ಬಾಯಿಗೆ ನೀಲಿ ದಾರದ ಹೊಲಿಗೆ. ಅದು ಅವರದೇ ಹೊಲಿಗೆ, ಹಾಕುತ್ತಿದ್ದುದನ್ನು ನಾನು ನೂರು ಸಲ ನೋಡಿದ್ದೆ. ಒಳಗೆ ಉಳಿದಿದ್ದ ಪಾಕೀಟುಗಳ ಮೇಲೆ ನಮ್ಮ ತಾಲೂಕಿನ ಹೆಸರು ಇನ್ನೂ ಓದುವಂತಿತ್ತು. ಒಂದು ಮಳೆಗಾಲ ಕಳೆದಿದ್ದರೂ ಅಕ್ಷರ ಅಳಿಸಿರಲಿಲ್ಲ.

"ಇದು ನಮ್ದು" ಎಂದರು ಅಕ್ಕ, ಆ ಹೆಂಗಸಿಗೆ.

ಅವಳು ಬೈಯಲಿಲ್ಲ. "ನಿಮ್ದೂ ಇರಬಹುದು. ಎಲ್ಲರೂ ಹಾಕ್ತಾರಲ್ಲ" ಎಂದು ಪೈಪು ಸರಿಮಾಡುತ್ತ ಹೋದಳು. ಬೈದಿದ್ದರೆ ಅಕ್ಕನಿಗೆ ಅಷ್ಟು ನಾಟುತ್ತಿರಲಿಲ್ಲವೇನೋ. ಅವತ್ತು ಮೊದಲು ಹಳ್ಳದ ಕಸ ಖಾಲಿಯಾಯಿತು, ಆಮೇಲೆ ಒಲೆ ಹೊತ್ತಿತು. ಊಟಕ್ಕೆ ಕೂರುವಾಗ ಮಧ್ಯಾಹ್ನ ಮೂರೂವರೆ. ಹಸಿದ ಜನ ನನ್ನ ಮೇಲೆ ಹರಿಹಾಯ್ದರು.

ಊರಿಗೆ ಬಂದವರೇ ಅಕ್ಕ ಮದುವೆ ಅಡುಗೆಯ ಪರಿಚಯದವರಿಂದ ಸ್ಟೀಲ್ ತಟ್ಟೆ, ಲೋಟ ಹೊಂದಿಸಿಕೊಂಡರು. ನಲ್ಲಿ ಇರುವ ದೊಡ್ಡ ನೀರಿನ ಡ್ರಮ್ಮೊಂದು ಬಸ್ಸಿಗೆ ಬಂತು. ಪಾಕೀಟು ಬಂದ್. ಹೇಗೂ ಆಗುವ ಕಸ ಚೀಲಕ್ಕೆ ಹೋಗಿ, ಚೀಲ ಬಸ್ಸಿನ ಮೇಲಿನ ಕ್ಯಾರಿಯರ್ ಏರಿ, ನಮ್ಮ ಜೊತೆಗೇ ಶಿಕಾರಿಪುರಕ್ಕೆ ವಾಪಸು ಬರುತ್ತಿತ್ತು. ಉಂಡ ತಟ್ಟೆ ಉಂಡವರೇ ತೊಳೆಯಬೇಕು, ಅದೂ ಹಳ್ಳದಲ್ಲಲ್ಲ, ಬಕೆಟ್ಟಿನಲ್ಲಿ. ಸೋಪಿನ ಬದಲು ಕಡಲೆಹಿಟ್ಟು.

ಕೆಲವರು ಖುಷಿಯಿಂದ ತೊಳೆದರು. ಕೆಲವರು ಮುಖ ಸಿಂಡರಿಸಿ ತೊಳೆದರು. ಒಂದು ಟೂರಿನಲ್ಲಿ ದೊಡ್ಡ ಮನೆತನವೊಂದು ಪೂರ್ತಿ ಬಸ್ಸು ಹಿಡಿದಿತ್ತು. ಊಟವಾದ ಮೇಲೆ ಮನೆಯ ಯಜಮಾನರು ತಟ್ಟೆಯನ್ನು ನೆಲಕ್ಕಿಟ್ಟು ನನ್ನ ಕಡೆ ತಿರುಗಿದರು.

"ಏನ್ರೀ ಇದು? ಟೂರಿಗೆ ಬಂದೂ ನಮ್ಮ ಹೆಣ್ಮಕ್ಕಳು ತಟ್ಟೆ ತಿಕ್ಕಬೇಕೇನ್ರೀ?"

ನಾನು ಬಾಯಿ ತೆಗೆಯುವ ಮೊದಲೇ ಅಕ್ಕ ಹೇಳಿದರು. "ಹೆಣ್ಮಕ್ಕಳು ಅಂತ ಯಾರಂದ್ರು? ಉಂಡೋರು ತೊಳೀಲಿ. ನೀವೂ ಉಂಡೀರಲ್ಲ."

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಯಜಮಾನರು ನಗಲಿಲ್ಲ. ಊರಿಗೆ ಹೋದ ಮೇಲೆ ಅವರ ಕಡೆಯವರು ಯಾರೂ ನನ್ನ ಬಸ್ಸು ಕೇಳಲಿಲ್ಲ, ಬೇರೆಯವರಿಗೂ ಬೇಡವೆಂದರು. ಕ್ಯಾರಿಯರ್ ಮೇಲಿನ ಕಸದ ವಾಸನೆಯ ಸುದ್ದಿಯೂ ಜೊತೆಗೆ ಸೇರಿತು. "ಕಸದ ಬಸ್ಸು" ಎಂಬ ಹೆಸರು ಬಿತ್ತು. ನನಗೆ ಹೆದರಿಕೆಯಾಯಿತು. ಮುಂದಿನ ಟೂರು ಹೊರಡುವ ಬೆಳಿಗ್ಗೆ ಅಕ್ಕನಿಗೆ ಹೇಳದೆ ಕಾಗದದ ತಟ್ಟೆಯ ಕಟ್ಟು, ಪಾಕೀಟಿನ ಮೂಟೆ ಬಸ್ಸಿಗೆ ಹಾಕಿಸಿದ್ದೆ. ಅಕ್ಕ ಹತ್ತಿ ನೋಡಿದರು. ತಮ್ಮ ಸೌಟು, ಜಾಲರಿ ಮಾತ್ರ ಚೀಲಕ್ಕೆ ಹಾಕಿಕೊಂಡು ಇಳಿದರು.

"ಅಕ್ಕಾ, ಎಲ್ಲರೂ ಹಿಂಗೇ ಮಾಡ್ತಾರೆ. ನನ್ನ ಹೊಟ್ಟೆಪಾಡೂ ನೋಡಿ" ಅಂದೆ.

"ನಿನ್ನ ತಪ್ಪು ಅಂತ ಹೇಳಾಕೆ ನಾ ಯಾರು. ನನ್ನ ಕೈಲಾಗಲ್ಲ ತಮ್ಮಾ, ಅಷ್ಟೆ."

ಬೀದಿಯ ತಿರುವಿನವರೆಗೂ ಅವರು ತಿರುಗಿ ನೋಡಲಿಲ್ಲ.

ಆಮೇಲಿನ ಎರಡು ವರ್ಷ ಬಸ್ಸು ಬಿಡುವಿಲ್ಲದೆ ಓಡಿತು. ಅಡುಗೆಗೆ ಬೇರೆಯವರು ಬಂದರು, ಹೋದರು. ಜನರಿಗೆ ಹೆಚ್ಚು ಜಾಗ ಬೇಕಿತ್ತು. ಎರಡು ದಿನಕ್ಕೆ ಒಂಬತ್ತು ಜಾಗ ಎಂದು ನಾನೂ ಪಟ್ಟಿ ಮಾಡಿದೆ. ಬಸ್ಸಿನಲ್ಲಿ ನಿದ್ದೆ, ಇಳಿದಲ್ಲಿ ಫೋಟೊ, ಮತ್ತೆ ನಿದ್ದೆ. ನನ್ನ ಸೊಂಟ ಹೋಯಿತು, ಕಣ್ಣು ಉರಿಯತೊಡಗಿತು. ಎಲ್ಲೋ ಒಂದು ಬೆಟ್ಟದ ಕೆಳಗೆ ಚಹಾಕ್ಕೆ ನಿಲ್ಲಿಸಿದ್ದಾಗ, ಬಸ್ಸಿನಲ್ಲಿದ್ದ ವಯಸ್ಸಾದ ತಾಯಿಯೊಬ್ಬರು ನನ್ನನ್ನು ಕೇಳಿದರು: "ತಮ್ಮಾ, ನಿನ್ನೆ ಸಂಜೀಕೆ ನೋಡಿದ್ವಲ್ಲ, ಅದು ಯಾವ ಊರು?"

ನನಗೆ ನೆನಪಾಗಲಿಲ್ಲ. ಅವರನ್ನು ಅಲ್ಲಿಗೆ ಕರೆದೊಯ್ದವನೇ ನಾನು. ಚಹಾ ತಣ್ಣಗಾಗುವವರೆಗೂ ಯೋಚಿಸಿದೆ, ಹೊಳೆಯಲಿಲ್ಲ.

ಊರಿಗೆ ಬಂದ ಮರುದಿನ ಅಕ್ಕನ ಮನೆಗೆ ಹೋದೆ. ಬಾಗಿಲಲ್ಲಿ ನಿಂತವನನ್ನು ನೋಡಿ, "ಎಂತ ತಮ್ಮಾ, ಇಷ್ಟು ಸೊರಗೀಯ?" ಎಂದು ಒಳಗೆ ಕರೆದು ಮಂಡಕ್ಕಿ ಒಗ್ಗರಣೆ ಮಾಡಿಕೊಟ್ಟರು. ತಟ್ಟೆ ಖಾಲಿಯಾದ ಮೇಲೆ ನಾನೇ ಎದ್ದು ತೊಳೆದಿಟ್ಟೆ. ಅವರು ನೋಡಿಯೂ ನೋಡದಂತೆ ಇದ್ದರು.

"ಮತ್ತೆ ಬರ್ತೀರಾ ಅಕ್ಕಾ?"

"ಅಷ್ಟು ದೂರ ನಂಗೂ ಆಗಲ್ಲ. ಮೊಣಕಾಲು ಕೇಳಲ್ಲ." ಮಂಡಕ್ಕಿ ಡಬ್ಬಿ ಮುಚ್ಚುತ್ತ ಕೇಳಿದರು. "ಕನ್ಯಾಕುಮಾರಿಗೆ ಎಷ್ಟು ಸಲ ಹೋಗೀಯ?"

"ಲೆಕ್ಕ ಇಟ್ಟಿಲ್ಲ."

"ಬಳ್ಳಿಗಾವಿ ದೇವಸ್ಥಾನದೊಳಗೆ?"

ಶಿಕಾರಿಪುರದಲ್ಲಿ ಹುಟ್ಟಿದವನು ನಾನು. ಬಳ್ಳಿಗಾವಿಯ ಮುಂದೆ ಸಾವಿರ ಸಲ ಬಸ್ಸು ಓಡಿಸಿದ್ದೇನೆ. ಒಳಗೆ ಹೋಗಿರಲಿಲ್ಲ.

ಹಾಗೆ ನಮ್ಮ ಎರಡನೆಯ ಸರದಿ ಶುರುವಾಯಿತು. ಅಕ್ಕ ಹಾಕಿದ ಕಟ್ಟಳೆ ಎರಡೇ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವಷ್ಟು ದೂರ ಮಾತ್ರ ಹೋಗಬೇಕು. ಒಂದು ಟೂರಿಗೆ ಒಂದೇ ಜಾಗ, ಅಲ್ಲೇ ಎರಡು ದಿನ ಇರಬೇಕು. ಬಳ್ಳಿಗಾವಿ, ತಾಳಗುಂದ, ಬನವಾಸಿ, ಮಳೆ ಕಳೆದ ಮೇಲೆ ಹಕ್ಕಿ ನೋಡಲು ಗುಡವಿ, ಚಂದ್ರಗುತ್ತಿಯ ಗುಡ್ಡ. "ಇಷ್ಟಕ್ಕೆ ಟೂರು ಅಂತಾರೇನ್ರೀ, ಬೈಕಲ್ಲಿ ಹೋಗಿ ಬರಬಹುದು" ಎಂದು ಬಹಳ ಜನ ನಕ್ಕರು. ಬಂದವರು ಮಾತ್ರ ಕಲ್ಲಿನ ಮೇಲಿನ ಒಂದೊಂದು ಗೊಂಬೆಯ ಮುಂದೆ ಅರ್ಧ ಗಂಟೆ ಕೂತರು. ಮಧ್ಯಾಹ್ನ ಜಗಲಿಯಲ್ಲಿ ಮಲಗಿದರು. ಆ ಊರಿನವರ ಹತ್ತಿರ ತರಕಾರಿ ಕೊಂಡರು, ಮಾತಾಡಿದರು, ಅಕ್ಕನ ಜೊತೆ ಸೊಪ್ಪು ಸೋಸಿದರು.

ಒಂದು ಸಲ ಬನವಾಸಿಗೆ ಬರಿ ಆರು ಜನ ಆದರು. ನಾನು ಬಸ್ಸು ತೆಗೆಯಲು ಹೊರಟರೆ ಅಕ್ಕ ತಡೆದರು. "ಆರು ಜನಕ್ಕೆ ಇಷ್ಟು ದೊಡ್ಡ ಗಾಡಿ ಎಂತಕ್ಕೆ? ಸರ್ಕಾರಿ ಬಸ್ಸು ಹೆಂಗೂ ಹೋಗ್ತದೆ." ಸ್ವಂತ ಬಸ್ಸನ್ನು ಮನೆಮುಂದೆ ನಿಲ್ಲಿಸಿ ಟೂರಿನವರನ್ನು ಕರೆದುಕೊಂಡು ನಾನು ಬಸ್ ಸ್ಟ್ಯಾಂಡಿಗೆ ಹೋದೆ. ಆನವಟ್ಟಿಯಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುವಾಗ ಪರಿಚಯದ ಡ್ರೈವರೊಬ್ಬ, "ಗಾಡಿ ಮಾರಿಬಿಟ್ರಾ?" ಎಂದು ಕನಿಕರದಿಂದ ಕೇಳಿದ. ಅಷ್ಟರಲ್ಲಿ ಬಸ್ಸು ಬಂತು. ಕಿಟಕಿ ಪಕ್ಕ ಕೂತು ಎಷ್ಟೋ ವರ್ಷದ ಮೇಲೆ ಮೊದಲ ಸಲ ರಸ್ತೆಯನ್ನು ಬಿಟ್ಟು ರಸ್ತೆಯ ಆಚೆ ಏನಿದೆ ಎಂದು ನೋಡಿದೆ.

ಇದರಿಂದ ನಾನು ಉದ್ಧಾರವಾದೆ ಎಂದು ಬರೆದರೆ ಸುಳ್ಳಾಗುತ್ತದೆ. ವ್ಯಾಪಾರ ಅರ್ಧಕ್ಕಿಳಿಯಿತು. ವಾರವಿಡೀ ಶಾಲೆಯ ಮಕ್ಕಳನ್ನು ಬಿಟ್ಟು ಕರೆತರುವ ಕೆಲಸ ಹಿಡಿದೆ. ಟೂರು ಶನಿವಾರ, ಭಾನುವಾರಕ್ಕೆ ಉಳಿಯಿತು. ಅಷ್ಟು ಮಾಡಿಯೂ ನಾವು ಹೋದ ಕಡೆಯೆಲ್ಲ ಬೇರೆಯವರ ಕಸ ನಮಗಿಂತ ಮೊದಲೇ ಬಂದು ಬಿದ್ದಿರುತ್ತಿತ್ತು. ಒಂದು ಮಧ್ಯಾಹ್ನ ಗುಡವಿಯ ಕೆರೆಯ ಹತ್ತಿರ ಅಕ್ಕ ಬಾಟಲಿ ಆರಿಸುತ್ತಿದ್ದರು. ಮೊಣಕಾಲು ಮಡಚಲಾಗದೆ ಒಂದು ಕೈಯನ್ನು ಮರಕ್ಕೆ ಆನಿಸಿ ಬಗ್ಗುತ್ತಿದ್ದರು. ನನಗೆ ಸಿಟ್ಟು ಬಂತು.

"ಸಾಕು ಬಿಡಿ ಅಕ್ಕಾ. ನಾವೊಬ್ರು ಮಾಡಿದ್ರೆ ಏನಾಗ್ತದೆ?"

"ಎಂತದೂ ಆಗಲ್ಲ."

"ಮತ್ತೆ?"

"ಈ ಕಸದಲ್ಲಿ ನಮ್ದು ಅಂತ ಒಂದೂ ಇರಲ್ಲ. ಅಷ್ಟೆ." ಕೈಗೆ ಸಿಕ್ಕ ಬಾಟಲಿಯ ಕೆಸರು ಕೊಡವುತ್ತ ಹೇಳಿದರು. "ನಂಗೂ ಸಾಕಾಗ್ಯದೆ ತಮ್ಮಾ. ಸಾಕಾಯ್ತು ಅಂತ ಉಣ್ಣೋದು ಬಿಡ್ತೀವಾ? ಹಂಗೇ ಇದೂ."

ಆಮೇಲೆ ಎದ್ದು ನಿಲ್ಲಲು ನನ್ನ ಕೈ ಕೇಳಿದರು. ಅದುವರೆಗೆ ಎಂದೂ ಕೇಳಿದವರಲ್ಲ.

ಕೊನೆಯ ಚಳಿಗಾಲದಲ್ಲಿ ಬಸ್ಸು ಹತ್ತುವುದು ಆಗಲಿಲ್ಲ. ಮನೆಯಲ್ಲೇ ಕೂತು ಹೋಗುವವರಿಗೆಲ್ಲ ಚಟ್ನಿಪುಡಿ ಕುಟ್ಟಿ ಕಳಿಸುತ್ತಿದ್ದರು. ನಾನು ಹಿಂದಿರುಗಿದ ಮೇಲೆ ಯಾರ್ಯಾರು ಏನೇನು ಅಂದರು, ಚಟ್ನಿ ಖಾರವಾಯಿತೇ ಎಂದೆಲ್ಲ ವಿಚಾರಿಸುತ್ತಿದ್ದರು. ಎದೆನೋವೆಂದು ಆಸ್ಪತ್ರೆಗೆ ಹೋಗಿ ಬಂದಿದ್ದನ್ನು ನನಗೆ ಹೇಳಲೇ ಇಲ್ಲ. ನೆರೆಮನೆಯವರಿಂದ ಗೊತ್ತಾಗಿ ಕೇಳಿದರೆ, "ವಯಸ್ಸಿನ ನೋವು, ಅದಕ್ಕೆಂತ ಸುದ್ದಿ" ಎಂದು ಮಾತು ತೇಲಿಸಿದರು.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಇಪ್ಪತ್ತು ಜನರ ಜೊತೆ ಚಂದ್ರಗುತ್ತಿಯಲ್ಲಿದ್ದೆ. ಬೆಳಿಗ್ಗೆ ಎಂಟು ಗಂಟೆ. ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ, ಏಕೆಂದರೆ ಅಕ್ಕ ಬಿಟ್ಟ ಮೇಲೆ ಒಲೆಯೂ ನನ್ನದೇ ಆಗಿತ್ತು. ಅವರ ಮಗ ಫೋನಿನಲ್ಲಿ, "ನಸುಕಲ್ಲಿ ಹೋದ್ರು. ಮಧ್ಯಾಹ್ನ ಎರಡಕ್ಕೆ ಎತ್ತುತೀವಿ" ಎಂದ. ಒಲೆ ಆರಿಸಿ ಬಾಣಲೆ ಕೆಳಗಿಟ್ಟೆ. ಜನ ಬಂದು ಏನಾಯಿತೆಂದು ಕೇಳಿದರು, ಹೇಳಿದೆ. ಅವರಲ್ಲಿ ಹೆಚ್ಚಿನವರು ಅಕ್ಕನ ಕೈಯಲ್ಲಿ ಉಂಡವರು. "ನಡೀರಿ ಹೋಗೋಣ, ಗುಡ್ಡ ಎಲ್ಲಿಗೂ ಓಡಿ ಹೋಗಲ್ಲ" ಎಂದರು ಒಬ್ಬರು. ಯಾರೂ ಎದುರಾಡಲಿಲ್ಲ. ಅರ್ಧ ಹುರಿದ ರವೆಯನ್ನು ಡಬ್ಬಿಗೆ ತುಂಬಿ, ಕೂತ ಜಾಗ ಗುಡಿಸಿ ಹೊರಟೆವು.

ಸೊರಬ, ಶಿರಾಳಕೊಪ್ಪ ದಾಟಿ ಶಿಕಾರಿಪುರ ಸೇರುವಾಗ ಇನ್ನೂ ಹನ್ನೊಂದು ಗಂಟೆಯಾಗಿರಲಿಲ್ಲ. ಅವರ ಕಾಲ ಬಳಿ ಕೂರಲು ಸಮಯ ಸಿಕ್ಕಿತು. ಮಣ್ಣಿಗಿಳಿಸುವಾಗ ಒಂದು ಕಡೆ ನಾನೂ ಹಿಡಿದೆ, ಎಲ್ಲರ ಜೊತೆ ವಿಭೂತಿ, ಬಿಲ್ವಪತ್ರೆ ಹಾಕಿ ಹಿಡಿಮಣ್ಣು ಕೊಟ್ಟೆ. ಅಕ್ಕನ ಮಾತು ಕೇಳದೆ ಹಳೆಯ ಹಾದಿಯಲ್ಲೇ ಇದ್ದಿದ್ದರೆ ಆ ಹೊತ್ತಿಗೆ ಯಾವುದೋ ರಾಜ್ಯದ, ನನಗೇ ಹೆಸರು ಗೊತ್ತಿಲ್ಲದ ಊರೊಂದರಲ್ಲಿ ಗಾಡಿ ಬದಿಗೆ ಹಾಕಿ, ಫೋನ್ ಹಿಡಿದು ನಿಂತಿರುತ್ತಿದ್ದೆ.