ದೊರಸಾನಿಯ ಒಲೆ

ಯುದ್ಧದ ಕಾಲದಲ್ಲಿ ಶಹಾಪುರದ ನಮ್ಮ ಮನೆಯ ಹಿಂದಿನ ಕೋಣೆಗಳಲ್ಲಿ ಜರ್ಮನಿಯಿಂದ ಓಡಿಬಂದ ಯಹೂದಿ ಗಂಡ ಹೆಂಡತಿ ಬಾಡಿಗೆಗಿದ್ದರು. ಗಂಡ ಹಲ್ಲಿನ ಡಾಕ್ಟರು. ಹೆಂಡತಿಯನ್ನು ಓಣಿಯವರೆಲ್ಲ ದೊರಸಾನಿ ಎನ್ನುತ್ತಿದ್ದರು. ದೊರಸಾನಿಯಂತೆ! ಇದ್ದ ಎರಡು ಫ್ರಾಕಿಗೂ ತೇಪೆ. ನಾನಾಗ ಸಣ್ಣ ಹುಡುಗಿ, ಈಗ ತೊಂಬತ್ತರ ಹತ್ತಿರದ ಮುದುಕಿ. ನಿನ್ನೆ ಉಂಡದ್ದು ಮರೆಯುತ್ತೇನೆ, ಆಕೆಯನ್ನು ಮರೆತಿಲ್ಲ.

"ಬಿಳಿ ಮಂದಿಗೂ ಊರ ಬಿಟ್ಟ ಓಡೂ ಗತಿ ಬಂತೇನವ್ವಾ?" ಎಂದು ನಮ್ಮಜ್ಜಿ ಮೊದಲ ದಿನವೇ ಕೇಳಿದ್ದಳು. ಆಮೇಲೆ ಅವಳೇ ಆಕೆಗೆ ರೊಟ್ಟಿ ಬಡಿಯಲು ಕಲಿಸಿದಳು, ಜೊತೆಗೆ ನಮ್ಮ ಮಾತನ್ನೂ. ಆಕೆಯ ತಾಯಿ ಮಾತ್ರ ಜರ್ಮನಿಯಲ್ಲೇ ಉಳಿದಿದ್ದಳು. ತಾಯಿಯಿದ್ದ ಓಣಿಯನ್ನೇ ಖಾಲಿ ಮಾಡಿಸಿ ಜನರನ್ನು ರೈಲಿಗೆ ತುಂಬಿದರೆಂದು ಡಾಕ್ಟರು ಒಂದು ದಿನ ಹೈದರಾಬಾದಿನಿಂದ ಸುದ್ದಿ ತಂದರು. ಎಲ್ಲಿಗೆ ಒಯ್ದರೋ ಯಾರಿಗೂ ಗೊತ್ತಿರಲಿಲ್ಲ.

ಸಾವಾದ ಮನೆಯಲ್ಲಿ ನಮ್ಮ ಕಡೆ ಒಲೆ ಹಚ್ಚುವುದಿಲ್ಲ. ನೆರೆಯವರೇ ರೊಟ್ಟಿ ಒಯ್ಯಬೇಕು. ಅಜ್ಜಿಗೆ ಎಲ್ಲದರಲ್ಲೂ ಅವಸರ, ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವವಳು. ಸುದ್ದಿ ಕೇಳಿದ್ದೇ ತಡ, ಆ ತಾಯಿ ಸತ್ತಳೆಂದೇ ತೀರ್ಮಾನಿಸಿ ಬುಟ್ಟಿಯಲ್ಲಿ ರೊಟ್ಟಿ, ಝುಣಕ ಇಟ್ಟುಕೊಂಡು ಹೋದಳು. ನಾನೂ ಸೆರಗು ಹಿಡಿದು ಹೋದೆ. ಪ್ರೀತಿಗೆ ತಂದದ್ದೆಂದು ತಿಳಿದ ದೊರಸಾನಿ ನಿಂತಲ್ಲೇ ಒಂದು ತುಂಡು ಮುರಿದು ಬಾಯಿಗಿಟ್ಟಳು.

"ಯಾಕ ತಂದ್ರಿ ಯವ್ವಾ? ನಾನ ಒಲಿ ಹಚ್ಚಾಕತ್ತಿದ್ದೆ."

"ಹಚ್ಚಬ್ಯಾಡ ಮಗಳ. ತಾಯಿ ಹೋದ ಮ್ಯಾಲ ಮನಿಯಾಗ ಒಲಿ ಹಚ್ಚಬಾರ್ದು."

ಬಾಯಲ್ಲಿದ್ದುದನ್ನು ಆಕೆ ಅಂಗಳಕ್ಕೆ ಉಗುಳಿದಳು. "ನಮ್ಮವ್ವ ಸತ್ತಿಲ್ಲ! ಯಾರು ನೋಡ್ಯಾರ? ಸತ್ತಿಲ್ಲ!" ಎಂದು ಬಾಗಿಲು ಹಾಕಿಕೊಂಡಳು. ನನಗೆ ಅಜ್ಜಿಯ ಮೇಲೆ ಎಂಥ ಸಿಟ್ಟು ಬಂತೆಂದರೆ, ಅವಳ ಮಗ್ಗುಲಲ್ಲಿ ಮಲಗುವುದನ್ನೇ ಬಿಟ್ಟೆ.

ಅಂದಿನಿಂದ ಆಕೆ ಒಲೆ ಆರಗೊಡಲಿಲ್ಲ. ಹೊಗೆ ಓಣಿಗೆಲ್ಲ ಕಾಣಲೆಂದು ಅಂಗಳದಲ್ಲೇ ಒಲೆ ಹೂಡಿದಳು. ಬೇಯಿಸಲು ಏನೂ ಇಲ್ಲದಾಗ ಬರೀ ನೀರು ಕುದಿಸುತ್ತಿದ್ದಳು. ಸೆಗಣಿಕುಳ್ಳು ತೀರಿದರೆ ತೊಗರಿಕಟ್ಟಿಗೆ, ಅದೂ ತೀರಿದಾಗ ಡಾಕ್ಟರ ಕುರ್ಚಿಯನ್ನೇ ಮುರಿದು ಹಾಕಿದಳು. ಪಾಪ, ಅವರು ರೋಗಿಗಳನ್ನು ನೆಲದ ಮೇಲೆ ಕೂಡಿಸಿ ಹಲ್ಲು ಕೀಳತೊಡಗಿದರು. ಜನ ಹುಚ್ಚೆಂದು ನಕ್ಕರು. ನನಗೆ ನಗು ಬರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಹೊಗೆ ಇದೆಯೋ ಇಲ್ಲವೋ ಎಂದು ಹೆದರುತ್ತ ಹಿತ್ತಿಲ ಕಡೆ ನೋಡುತ್ತಿದ್ದೆ.

ಯುದ್ಧ ಮುಗಿದ ಮೇಲೆ ಡಾಕ್ಟರು ಮತ್ತೆ ಹೈದರಾಬಾದಿಗೆ ಹೋಗಿ ಬಂದರು. ಈ ಸಲ ಖಚಿತ ಸುದ್ದಿ. ರೈಲಿನಿಂದ ಇಳಿಸಿದ ದಿನವೇ ತಾಯಿಯನ್ನು ಕೊಂದಿದ್ದರು. ಅಂಗಳದಲ್ಲಿ ನಿಂತೇ ಅಷ್ಟು ಹೇಳಿದರು. ಆಕೆ ಅಳಲಿಲ್ಲ. ಒಲೆಗೆ ಕುಳ್ಳು ತುರುಕಿ ಊದುತ್ತಲೇ ಇದ್ದಳು. ಅಜ್ಜಿ ಬರಿಗೈಯಲ್ಲಿ ಹೋಗಿ ಆಕೆಯ ಎದುರಿಗೆ ಕೂತಳು.

"ಯವ್ವಾ, ನೀವ ಆರಸ್ರಿ," ಎಂದಳು ದೊರಸಾನಿ ಕೊನೆಗೆ. "ನನ್ನ ಕೈಲೆ ಆಗವಲ್ದು."

ಅಜ್ಜಿ ಕುದಿಯುತ್ತಿದ್ದ ನೀರನ್ನೇ ಒಲೆಗೆ ಸುರಿದಳು.