ಕಣ್ಣಿಗೆ ಬಿದ್ದ ಸುಣ್ಣ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಮಾದಾಪುರದ ಹತ್ತಿರದ ಒಂದು ಕಾಫಿ ತೋಟದ ಮನೆಗೆ ಸೊಸೆಯಾಗಿ ಬಂದೆ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿದ್ದೆ. ಓದಿದ ಹುಡುಗಿ ಬಂದಳೆಂದು ಆ ಮನೆಯಲ್ಲಿ ಹಿಗ್ಗಿದವರು ಮಾವ ಒಬ್ಬರೇ.

ಮಳೆಗೆ ಮುಂಚೆ ಕಾಫಿ ಗಿಡಕ್ಕೆ ಬೋರ್ಡೋ ಹೊಡೆಯುತ್ತಾರೆ. ಮೈಲುತುತ್ತದ ನೀರಿಗೆ ಸುಣ್ಣದ ನೀರು ಬೆರೆಸಿ ಮಾಡುವ ಔಷಧ ಅದು. ಮೈಲುತುತ್ತದ ನೀರು ಆಮ್ಲ. ಸುಣ್ಣ ಕಡಿಮೆಯಾದರೆ ಎಲೆ ಸುಟ್ಟುಹೋಗುತ್ತದೆ. ಅದಕ್ಕೇ ಕುಡುಗೋಲಿನ ಅಲಗನ್ನು ಅದ್ದಿ ನೋಡುವುದು ವಾಡಿಕೆ. ಅಲಗಿಗೆ ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ.

ನನ್ನ ಪೆಟ್ಟಿಗೆಯಲ್ಲಿ ಲಿಟ್ಮಸ್ ಕಾಗದವಿತ್ತು. ಒಂದು ಸಂಜೆ ಮಾವನಿಗೆ ಆಟ ತೋರಿಸಿದೆ. ನೆರೆಯ ಕೊಡವರ ಮನೆಯಿಂದ ಬಂದ ಕಾಚಂಪುಳಿ, ಹಣ್ಣಿನ ರಸ ಕುದಿಸಿ ಇಳಿಸಿದ ಆ ಕಪ್ಪು ಹುಳಿಯನ್ನು ಒಂದು ಲೋಟ ನೀರಿಗೆ ಹಾಕಿದೆ. ನೀಲಿ ಕಾಗದ ಕೆಂಪಾಯಿತು. ಆಮೇಲೆ ಹನಿಹನಿಯಾಗಿ ಸುಣ್ಣದ ತಿಳಿ ಬಿಡುತ್ತ ಹೋದೆ. ಕೊನೆಗೆ ಕಾಗದ ಯಾವ ಬಣ್ಣಕ್ಕೂ ತಿರುಗಲಿಲ್ಲ. ಹುಳಿಯೂ ಸುಣ್ಣವೂ ಒಂದನ್ನೊಂದು ಕೊಂದವು ಎಂದೆ. ಮಾವ ಮಗುವಿನಂತೆ ನಕ್ಕರು. ಮನೆಗೆ ಬಂದವರಿಗೆಲ್ಲ ಅದೇ ಕಥೆ. ಹಾಗಾದರೆ ನಿಮ್ಮ ಸೊಸೆ ಸಾರಿಗೂ ಕಾಗದ ಅದ್ದಿ ನೋಡುತ್ತಾಳೇನು ಗೌಡ್ರೇ ಎಂದು ಯಾರೋ ಕೆಣಕಿದರೂ ಅವರು ಬಿಡಲಿಲ್ಲ. ಬಾಗಿಲ ಮರೆಯಲ್ಲಿ ನಿಂತು ನಾನೂ ಕೇಳಿ ಖುಷಿಪಡುತ್ತಿದ್ದೆ.

ಔಷಧ ಕಲೆಸುವ ದಿನ ತೋಟದೊಳಗೆ ಹರಿಯುವ ತೋಡಿನ ಬದಿಯಲ್ಲಿ ಅತ್ತೆ ಪೀಪಾಯಿಯಲ್ಲಿ ಸುಣ್ಣ ಅರಳಿಸುತ್ತಿದ್ದರು. ಸುಟ್ಟ ಸುಣ್ಣದ ಕಲ್ಲಿಗೆ ನೀರು ಸ್ವಲ್ಪಸ್ವಲ್ಪವೇ ಬೀಳಬೇಕು. ಕೈಯಲ್ಲಿದ್ದ ಕೊಡ ಜಾರಿ ನೀರೆಲ್ಲ ಒಟ್ಟಿಗೆ ಬಿತ್ತು. ಪೀಪಾಯಿ ಕೊತಕೊತನೆ ಕುದಿದು ಸಿಡಿಯಿತು. ಅತ್ತೆ ಬಲಗಣ್ಣು ಮುಚ್ಚಿಕೊಂಡು ಕುಸಿದರು.

ನಾನು ಅವರನ್ನು ತೋಡಿಗೆ ಎಳೆದೆ. ಮಾವನೆದುರು ಎಂದೂ ಸೆರಗು ಜಾರಗೊಡದ ಹೆಂಗಸು. ಆಳುಗಳೆಲ್ಲ ನೋಡುತ್ತಿರುವಾಗ ಅವರ ಎದೆಗೆ ಮೊಣಕಾಲೊತ್ತಿ, ರೆಪ್ಪೆ ಬಿಡಿಸಿ, ಬೊಗಸೆಬೊಗಸೆ ನೀರು ಹೊಯ್ದೆ. ಕೂದಲು ಬಿಚ್ಚಿ ನೀರಲ್ಲಿ ಹರಿದಾಡುತ್ತಿತ್ತು. ಅವರು ನನ್ನ ಕೈ ಕಚ್ಚಿದರು. ನಾನು ಬಿಡಲಿಲ್ಲ.

ಅಷ್ಟರಲ್ಲಿ ಮಾವ ಮನೆಯಿಂದ ಓಡಿಬಂದರು. ಕೈಯಲ್ಲಿ ಕಾಚಂಪುಳಿಯ ಬಾಟಲಿ. ಬಿರಡೆ ಆಗಲೇ ತೆಗೆದಿದ್ದರು.

"ಕಣ್ಣು ಬಿಡಿಸಿ ಹಿಡ್ಕೊ ಮಗಾ, ಬಿಡ್ತೀನಿ."

"ಬೇಡ ಮಾವ. ನೀರೇ ಸಾಕು."

"ನೀನೇ ತೋರಿಸಿದ್ದಲ್ವೇನವ್ವಾ, ಹುಳಿ ಬಿದ್ರೆ ಸುಣ್ಣ ಸಾಯ್ತದೆ ಅಂತ."

ಬಾಗಿದ ಬಾಟಲಿಯ ಬಾಯಲ್ಲಿ ಹುಳಿ ತುಂಬಿ ನಿಂತಿತ್ತು. ಹುಳಿಯೂ ಸುಡುತ್ತದೆ, ಸುಣ್ಣ ಕೂಡಿದರೆ ಕಾವೂ ಏಳುತ್ತದೆ, ಎಷ್ಟು ಹನಿ ಎಂದು ಕಣ್ಣೊಳಗೆ ಕಾಗದ ಅದ್ದಿ ನೋಡಲಾಗುವುದಿಲ್ಲ: ಇದನ್ನೆಲ್ಲ ಬಿಡಿಸಿ ಹೇಳಲು ಹೊತ್ತಿರಲಿಲ್ಲ. ಅವರ ಮಣಿಕಟ್ಟಿಗೆ ಹೊಡೆದೆ. ಬಾಟಲಿ ಕಲ್ಲಿಗೆ ಬಿದ್ದು ಒಡೆಯಿತು. ನಾನು ಮತ್ತೆ ನೀರಿಗೆ ಬೊಗಸೆಯೊಡ್ಡಿದೆ.

ಪಕ್ಕದ ಎಸ್ಟೇಟಿನ ಜೀಪಿನಲ್ಲಿ ಮಡಿಕೇರಿಗೆ ಹೋದೆವು. ನೀರು ಹೊಯ್ದದ್ದೇ ಕಣ್ಣನ್ನು ಉಳಿಸಬಹುದು, ಪಟ್ಟಿ ಬಿಚ್ಚಿದ ಮೇಲೆ ಗೊತ್ತಾಗುತ್ತದೆ ಎಂದರು ಡಾಕ್ಟರು. ನೋಡಲು ಬಂದ ನೆಂಟರು ನನ್ನನ್ನು ಹೊಗಳಿ, ಮಾವನ ದಡ್ಡತನಕ್ಕೆ ನಕ್ಕರು. ಅದು ನಾನೇ ಕಲಿಸಿದ ಪಾಠ ಎಂದೆ. ಸೊಸೆಯ ವಿನಯ ಎಂದುಕೊಂಡು ಇನ್ನೂ ಹೊಗಳಿದರು. ಮಾವ ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದರು.

ಈಗಲೂ ಹುಳಿಯ ವಾಸನೆ ಬಂದರೆ ಆ ಬಾಗಿದ ಬಾಟಲಿ ಕಣ್ಣ ಮುಂದೆ ಬರುತ್ತದೆ. ನಾನು ಆ ಕೈ ನೋಡದೆ ಹೋಗಿದ್ದರೆ?

ಪಟ್ಟಿ ಬಿಚ್ಚಿದ ದಿನ ಮಾವ ಒಳಗೆ ಬರಲಿಲ್ಲ. ಅತ್ತೆಗೆ ಕಿಟಕಿಯ ಸರಳು ಕಂಡವು, ಮಂಜು ಮುಸುಕಿದ ಹಾಗಿದ್ದರೂ ಕಂಡವು. ನಾನು ಹೊರಗೆ ಓಡಿ ಹೇಳಿದೆ. ಮಾವ ಎದ್ದು ನಿಂತು ನನಗೆ ಕೈಮುಗಿದರು.

"ಹಂಗ್ ಮಾಡ್ಬೇಡಿ ಮಾವ. ನಾನು ಹೇಳ್ಕೊಟ್ಟಿದ್ದಕ್ಕೇ ಅಲ್ವಾ ನೀವು..."

"ನೀನು ಲೋಟದಲ್ಲಿ ತೋರಿಸ್ದೆ. ಕಣ್ಣಿಗೆ ಹಾಕು ಅಂತ ಹೇಳ್ಲಿಲ್ಲ."

ಹಾಕಬಾರದೆಂದೂ ಹೇಳಿರಲಿಲ್ಲ. ಮುಗಿದ ಆ ಕೈಗಳನ್ನು ಹಿಡಿದು ಬಿಡಿಸಲು ಹೋದೆ. ನಾನು ಹೊಡೆದ ಮಣಿಕಟ್ಟು ಇನ್ನೂ ಊದಿಕೊಂಡಿತ್ತು.